ಮೈಲಾರಿಯ ಎಡಗೈ

ರವಿವಾರ, ೩ ನವೆಂಬರ್ ೧೯೮೫

ಸಂಜೆ ಏಳು ಗಂಟೆ. ಇವತ್ತು ಅಂಗಡಿಯ ಅಂಗಿಗಳಿಗೆ ಹದಿನೆಂಟು ಕಾಲರು ಹೊಲಿದೆ. ನಿನ್ನೆಯ ರೊಟ್ಟಿಯನ್ನೇ ತಿಂದೆ. ಮೂರು ಜನ ಮನೆಗೆ ಬಂದು ಹೋದರು.

ತಮ್ಮ ಬೀರಣ್ಣ ಹೋಗಿ ನಲವತ್ತೈದು ದಿನ. ಇಷ್ಟು ದಿನ ಬಂದವರೆಲ್ಲ ಕಾಮಾಲೆಗೆ ಯಾವ ಊರಲ್ಲಿ ಯಾವ ಔಷಧ ಕೊಡುತ್ತಾರೆಂದು ಹೇಳಿ ಹೋಗುತ್ತಿದ್ದರು. ಸತ್ತ ಮೇಲೆ ಔಷಧದ ವಿಳಾಸ ತೆಗೆದುಕೊಂಡು ಏನು ಮಾಡಲಿ? ಇವತ್ತಿನ ಮೂವರು ಹಾಗೆ ಹೇಳಲಿಲ್ಲ. ಅವರು ತಮ್ಮನ ಆಟದ ಜೊತೆಗಾರರು.

ಎರಡು ವರ್ಷದಿಂದ ಪ್ರತಿ ರವಿವಾರ ಮಧ್ಯಾಹ್ನ ಅವರು ನಮ್ಮ ಪಡಸಾಲೆಯಲ್ಲಿ ಕೂತು ಆಡುತ್ತಿದ್ದರು. ಇಸ್ಪೀಟಲ್ಲ, ಪಗಡೆಯೂ ಅಲ್ಲ. ಚನ್ನಬಸಯ್ಯ ಮಾಸ್ತರರು ಒಂದು ಕಥೆ ಹೇಳುತ್ತ ಹೋಗುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಶೂರರಾಗಿ, ತಾವೀಗ ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುತ್ತಾರೆ. ಮಾಸ್ತರರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಒಮ್ಮೆ ಲೋಂಡಾ ಸ್ಟೇಷನ್ನಿನಲ್ಲಿ ಗಾಡಿ ಆರು ತಾಸು ತಡವಾದಾಗ, ಗೋವಾದಿಂದ ಬಂದ ಪರದೇಶದ ಪ್ರವಾಸಿಯೊಬ್ಬ ಬೆಂಚಿನ ಮೇಲೆ ಅವರಿಗೆ ಈ ಆಟ ಕಲಿಸಿ, ನಿಯಮದ ಪುಸ್ತಕವನ್ನು ಅವರ ಕೈಗೇ ಕೊಟ್ಟು ಹೋದನಂತೆ. ದಾಳ ಮಾತ್ರ ಕೊಡಲಿಲ್ಲ. ಅದನ್ನು ಸಾಗವಾನಿಯಲ್ಲಿ ಕೆತ್ತಿದವನು ನನ್ನ ತಮ್ಮ. ಫೌಂಡ್ರಿಯಲ್ಲಿ ಅವನದು ಪ್ಯಾಟರ್ನ್ ಕೆಲಸ, ಎರಕ ಹೊಯ್ಯುವ ಮುಂಚೆ ಕಟ್ಟಿಗೆಯಲ್ಲಿ ಮಾದರಿ ಮಾಡುವುದು.

ನಾನು ಒಳಕೋಣೆಯಲ್ಲಿ ಅವರಿಗೆ ಬೆನ್ನು ಮಾಡಿ ಹೊಲಿಗೆ ಮಿಷಿನ್ ಮುಂದೆ ಕೂತಿರುತ್ತಿದ್ದೆ. ನಡುವೆ ಚಾ ಕೊಟ್ಟು ಬರುತ್ತಿದ್ದೆ. ಎರಡು ವರ್ಷದಲ್ಲಿ ಆ ಮೂವರ ಜೊತೆ ನಾನು ಆಡಿದ ಮಾತು ‘ಸಕ್ರಿ ಸಾಕೇನ್ರಿ’ ಒಂದೇ.

ಇವತ್ತು ಮಾಸ್ತರರು ಒಂದು ಹಾಳೆಯನ್ನೂ ಆ ದಾಳವನ್ನೂ ತಂದು ನನ್ನ ಮುಂದಿಟ್ಟರು. ಹಾಳೆ ತಮ್ಮನದು. ಅವನ ಶೂರ ಮೈಲಾರಿಯ ವಿವರವೆಲ್ಲ ಅದರಲ್ಲಿದೆ: ಕುರುಬ, ವಯಸ್ಸು ಇಪ್ಪತ್ತೈದು, ಆಯುಧ ಕವಣೆ, ಎಡಗೈಯಲ್ಲಿ ಏಟು ತಡೆಯುವ ಢಾಲು. ಎಲ್ಲ ತಮ್ಮನ ಸಣ್ಣ ದುಂಡಗಿನ ಅಕ್ಷರ.

‘ಆಟ ನಿಲ್ಲಿಸೂಣು ಅಂತ ಮಾಡೇವ್ರಿ ಅಕ್ಕಾರ,’ ಎಂದರು ಮಾಸ್ತರರು. ‘ಇದು ನಿಮ್ಮ ಮನೀದು. ನಿಮ್ಮ ಹತ್ರ ಇರ್ಲಿ.’

ಸುಮ್ಮನೆ ತೆಗೆದುಕೊಂಡಿದ್ದರೆ ಮುಗಿಯುತ್ತಿತ್ತು. ನಾನು ಕೇಳಿಬಿಟ್ಟೆ: ‘ಮೈಲಾರಿ ಏನಾದನ್ರಿ?’

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಕಾಂತಾ ಮೆಲ್ಲಗೆ ಹೇಳಿದಳು, ‘ಅಂವ ಕಣಿವ್ಯಾಗ ನಿಂತಾನ್ರಿ ಅಕ್ಕಾ. ಇಪ್ಪತ್ತು ಹೆಜ್ಜಿ ದೂರದಾಗ ರಾಕ್ಷಸ. ಬಾಳಪ್ಪನ ಶೂರ ಗಾಯ ಆಗಿ ಬಿದ್ದಾನ. ನನ್ನ ಮಂತ್ರ ಮುಗದಾವು. ಬೀರಣ್ಣ ಕವಣಿ ಬೀಸ್ತೇನಿ ಅಂದಾ. ಮಾಸ್ತರು, ಎಡಗೈಯಾಗ ಢಾಲು ಐತಿ, ಕಲ್ಲು ಹೆಂಗ ಇಡ್ತಿ ಅಂದ್ರು. ಎರಡು ತಾಸು ಜಗಳ. ಕಡೀಕ, ಮುಂದಿನ ರವಿವಾರ ನೋಡೂಣು ಅಂತ ಎದ್ವಿ.’

ಆ ಮುಂದಿನ ರವಿವಾರ ತಮ್ಮ ಆಸ್ಪತ್ರೆಯಲ್ಲಿದ್ದ.

‘ಕಲ್ಲು ಇಡಾಕ ಆಗಲಿಲ್ಲಂದ್ರ?’

‘ರಾಕ್ಷಸ ಬಂದು ಬಡೀತಾನ್ರಿ,’ ಎಂದ ಬಾಳಪ್ಪ. ಅವನು ಫೌಂಡ್ರಿಯಲ್ಲಿ ತಮ್ಮನ ಬಾಜುವೇ ಲೇತ್ ಮೇಲೆ ಕೆಲಸ ಮಾಡುವವನು. ‘ಸತ್ತಾವನ ಹಾಳಿ ಹರದು ನಿಮ್ಮ ಸ್ಟವ್ವಿಗಿ ಹಾಕೂದು ನಮ್ಮ ರೂಢಿ. ನನ್ನ ಇಬ್ಬರು ಶೂರರು ನಿಮ್ಮ ಮನ್ಯಾಗ ಚಾ ಕುದಿಸ್ಯಾರ್ರಿ.’

ಕಾಂತಾ ಅವನ ತೋಳಿಗೆ ಒಂದು ಕೊಟ್ಟಳು. ನನಗೆ ನಗು ಬಂದಿತ್ತು. ಬಂದದ್ದು ಗೊತ್ತಾಗಿ ನಿಂತಿತು.

ಆಮೇಲೆ ನನ್ನ ಬಾಯಿಂದ ಮಾತು ಬಂತು. ‘ಕವಣಿ ನಾನೂ ಬೀಸೇನ್ರಿ. ಸಣ್ಣವರಿದ್ದಾಗ ಖಾನಾಪುರದ ಕಡೆ ನಮ್ಮತ್ತಿ ಹೊಲದಾಗ ನಾವಿಬ್ಬರೂ ಹಕ್ಕಿ ಹೊಡೀತಿದ್ವಿ. ಢಾಲು ಹಿಡದು ಬೀಸಾಕ ಬರ್ತೈತೋ ಇಲ್ಲೋ ನೋಡೇ ಹೇಳಬೇಕು. ನೋಡಿ ಹೇಳ್ತೇನಿ. ಅಲ್ಲೀತನಕ ಅಂವ ಸತ್ತಿಲ್ಲ.’

ಬಾಳಪ್ಪ ಹೋಗುವಾಗ ಬಾಗಿಲಲ್ಲಿ ನಿಂತ ತಮ್ಮನ ಸೈಕಲ್ಲಿನ ಗಂಟೆ ಒಂದು ಸಲ ಬಾರಿಸಿದ. ಆ ಸೈಕಲ್ಲನ್ನು ನಾನು ಮುಟ್ಟಿಲ್ಲ. ಕಸ ಹೊಡೆಯುವಾಗ ಅದರ ಸುತ್ತಲೇ ಹೊಡೆಯುತ್ತೇನೆ.

ನಾಳೆ ಕಾಲರು ಕೊಡುವ ದಿನ.

ಸೋಮವಾರ, ೪ ನವೆಂಬರ್

ಖಡೇ ಬಜಾರಿನ ಅಂಗಡಿಯವರು, ಯಾಕೆ ತಡ ಎಂದರು. ಮೊದಲೆಲ್ಲ ಬೀರಣ್ಣ ಕಾಲರಿನ ಗಂಟನ್ನು ಸೈಕಲ್ ಮೇಲೆ ಒಯ್ಯುತ್ತಿದ್ದ. ಈಗ ತಲೆಯ ಮೇಲೆ ಹೊತ್ತು ನಡೆಯುತ್ತೇನೆ ಎಂದು ಹೇಳಲಿಲ್ಲ. ಮನೆಗೆ ಬಂದು ಮಲಗಿದೆ.

ಗುರುವಾರ, ೭ ನವೆಂಬರ್

ಸಂಜೆ ಆರೂವರೆ. ಇವತ್ತು ಸದಾಶಿವನಗರದ ಮಾಸ್ತರರ ಮನೆಯವರೆಗೆ ನಡೆದು ಹೋಗಿ ಬಂದೆ. ಕಾಲು ನೋಯುತ್ತಿದೆ.

ಮೂರು ದಿನ ಆ ಹಾಳೆಯನ್ನೇ ನೋಡಿದೆ. ನಿನ್ನೆ ಬುಟ್ಟಿಯಿಂದ ಅಳತೆಯ ಟೇಪು ತೆಗೆದು, ಒಂದು ತುದಿ ಬೆರಳಿಗೆ ಸುತ್ತಿ, ಇನ್ನೊಂದು ತುದಿ ಹಿಡಿದು, ನಡುವೆ ಗುಂಡಿ ಇಟ್ಟು, ಎಡಗೈಯಲ್ಲಿ ಪಾತ್ರೆಯ ಮುಚ್ಚಳ ಹಿಡಿದು ಒಂದು ಸಲ ತಿರುಗಿಸಿದೆ. ಗುಂಡಿ ಹೋಗಿ ಬಲ್ಬಿಗೆ ಬಡಿಯಿತು. ಕತ್ತಲಲ್ಲಿ ಚೂರು ಆರಿಸುವಾಗ ನಾನು ಅಳುತ್ತಿರಲಿಲ್ಲ. ಗುಂಡಿ ಯಾಕೆ ಮೇಲೆ ಹೋಯಿತು ಎಂದು ಯೋಚಿಸುತ್ತಿದ್ದೆ. ತುದಿ ಬಿಡುವುದು ಕಣ್ಣು ಮುಚ್ಚಿ ತೆಗೆಯುವಷ್ಟು ಮುಂಚೆ ಆಗಿತ್ತು.

ಅದಕ್ಕೇ ಪುಸ್ತಕದಲ್ಲಿ ಏನು ಬರೆದಿದೆಯೋ ಕೇಳೋಣವೆಂದು ಹೋದೆ. ನನಗೆ ಏಳನೆಯ ಇಯತ್ತೆಯವರೆಗೆ ಮಾತ್ರ ಸಾಲೆ. ಮಾಸ್ತರರು ಓದಿ ಓದಿ ಕನ್ನಡದಲ್ಲಿ ಹೇಳಿದರು, ನಾನು ಬರೆದುಕೊಂಡೆ. ಒಂದು ಪುಟದಲ್ಲಿ, ಕವಣೆ ಒಂದು ಕೈಯ ಆಯುಧ ಎಂದಿದೆ. ಹತ್ತು ಪುಟದ ಆಚೆ, ಕಲ್ಲು ಇಡಲು ಇನ್ನೊಂದು ಕೈ ಬಿಡುವಾಗಿರಬೇಕು ಎಂದಿದೆ. ಢಾಲಿನ ಪುಟದಲ್ಲಿ ಏಟು ತಡೆಯುವ ಲೆಕ್ಕ ಬಿಟ್ಟು ಬೇರೆ ಏನೂ ಇಲ್ಲ. ಢಾಲಿನ ಹಿಂದಿನ ಕೈ ಬಿಡುವೋ ಅಲ್ಲವೋ ಎಂದು ಬರೆದವನಿಗೆ ಹೊಳೆದೇ ಇಲ್ಲ. ಇನ್ನೊಂದು ಗೊಂದಲವೂ ಸಿಕ್ಕಿತು. ರಾಕ್ಷಸ ಇಪ್ಪತ್ತು ಹೆಜ್ಜೆ ಬರುವ ಹೊತ್ತಿಗೆ ಒಂದು ಸುತ್ತು ಎನ್ನುತ್ತಾರೆ. ಒಂದು ಸುತ್ತಿಗೆ ಒಂದು ಕಲ್ಲು ಎಂದು ಮಾತಿನಲ್ಲಿದೆ, ಎರಡು ಎಂದು ಕೋಷ್ಟಕದಲ್ಲಿದೆ. ಮಾಸ್ತರರು ಯಾವಾಗಲೂ ಒಂದನ್ನೇ ಹಿಡಿದಿದ್ದರು.

‘ಈ ಪುಸ್ತಕ ಬರದಾಂವ ಎಂದೂ ಕವಣಿ ಬೀಸಿಲ್ಲ ಬಿಡ್ರಿ,’ ಎಂದೆ.

ಮಾಸ್ತರರು ನಕ್ಕರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ‘ಅವತ್ತು ಹೂಂ ಅಂದಿದ್ರ ಮುಗೀತಿತ್ರಿ ಅಕ್ಕಾರ. ಒಂದು ಹೂಂ. ಮುಂದಿನ ರವಿವಾರ ಇದ್ದೇ ಇರ್ತೈತಿ ಅಂತ ತಿಳದೆ.’

‘ಈಗರ ಹೂಂ ಅನ್ರಲಾ.’

‘ಈಗ ಅಂದ್ರ ಅವಗ ಭಿಕ್ಷಾ ಹಾಕಿದಂಗ ಆಗ್ತದ. ಬೀರಣ್ಣ ಭಿಕ್ಷಾದ ಗೆಲುವು ತಗೊಳ್ಳಾಂವ ಏನ್ರಿ?’

ಅಲ್ಲ. ಅವನು ಪ್ಯಾಟರ್ನಿನಲ್ಲಿ ಒಂದು ನೂಲು ವ್ಯತ್ಯಾಸ ಬಂದರೆ, ಮೇಸ್ತ್ರಿ ನಡೆಯುತ್ತದೆ ಎಂದರೂ ಬಿಡದೆ, ಮುರಿದು ಹೊಸದು ಮಾಡುತ್ತಿದ್ದ.

ನಾಳೆ ಬಲ್ಬು ತರಬೇಕು.

ಮಂಗಳವಾರ, ೧೨ ನವೆಂಬರ್

ದೀಪಾವಳಿ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಈ ವರ್ಷ ಇಲ್ಲ. ಓಣಿಯ ಪಟಾಕಿಯ ಸದ್ದಿಗೆ ಹೊರಗೆ ಬಂದು ನಿಂತೆ. ಸುರುಸುರು ಕಡ್ಡಿ ತಿರುಗಿಸುವ ಕೈಗಳನ್ನು ನೋಡುತ್ತ, ಇಷ್ಟು ತಿರುಗಿಸಲು ಬಾಜುವಿನವರು ಎಷ್ಟು ದೂರ ನಿಲ್ಲಬೇಕು ಎಂದು ಲೆಕ್ಕ ಹಾಕಿದೆ. ಎರಡು ಮಾರು.

ರವಿವಾರ, ೧೭ ನವೆಂಬರ್, ಅತ್ತೆಯ ಮನೆ

ಸಂಜೆ ಐದು ಗಂಟೆ, ಇನ್ನೂ ಬೆಳಕಿದೆ. ಇವತ್ತು ಎಂಬತ್ತಕ್ಕೂ ಹೆಚ್ಚು ಕಲ್ಲು ಬೀಸಿದ್ದೇವೆ, ಒಂದು ಕೊಡ ಒಡೆದಿದ್ದೇವೆ, ಬಲಗೈ ಎತ್ತಲು ಬರುತ್ತಿಲ್ಲ. ಆದರೂ ಬರೆಯದೆ ಇರಲಾರೆ!

ನಿನ್ನೆ ಗಾಡಿಗೆ ಖಾನಾಪುರಕ್ಕೆ ಬಂದು, ಅಲ್ಲಿಂದ ನಡೆದು ಮಾಯಕ್ಕ ಅತ್ತೆಯ ಮನೆ ಸೇರಿದೆ. ಅಪ್ಪನ ತಂಗಿ ಅವಳು. ಅರವತ್ತೆಂಟು ವರ್ಷ. ಭತ್ತ ಕೊಯ್ಲಿಗೆ ಬಂದಿದೆ. ಗಿಳಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಈಗಲೂ ಅತ್ತೆಯೇ ಬದುವಿನ ಮೇಲೆ ನಿಂತು ಕವಣೆ ಬೀಸುತ್ತಾಳೆ.

ಮೈಲಾರಿಯ ವಿಷಯ ಹೇಳಿದೆ. ‘ಯಾವೂರಾಂವ?’ ಎಂದಳು.

‘ಊರಿಲ್ಲತ್ತಿ. ಬೀರ್ಯಾ ಆಟದಾಗ ಮಾಡಿದ ಮನಶ್ಯಾ.’

ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ನಾನು ಅರ್ಥ ಮಾಡಿಸಲು ಬಾಯಿ ತೆರೆದೆ. ಅವಳು ಎಲೆಯನ್ನು ಬಾಯಿಗಿಟ್ಟುಕೊಂಡು, ‘ಬೀರ್ಯಾ ಮಾಡಿದಾಂವ ಅಂದ್ರ ನಮ್ಮ ಮನಶ್ಯಾನ ಆದ. ನಡಿ, ಅವನ ಕೈ ನೋಡೂಣು,’ ಎಂದು ಎದ್ದಳು.

ಢಾಲಿನ ಬದಲು ಅಕ್ಕಿ ಕೇರುವ ಬಿದಿರಿನ ಮೊರ, ನಮ್ಮ ಕಡೆ ಮರ ಎನ್ನುವುದನ್ನು, ತೆಗೆದುಕೊಂಡೆವು. ಮೊದಲು ಅದನ್ನು ಹಳೆಯ ಸೀರೆಯ ಅಂಚಿನಿಂದ ನನ್ನ ಎಡ ಮುಂಗೈಗೆ ಬಿಗಿದು ಕಟ್ಟಿದಳು. ಕಲ್ಲನ್ನು ಉಡಿಯಲ್ಲಿ ತುಂಬಿಕೊಂಡೆ. ಕವಣೆಯ ಕುಣಿಕೆ ಬಲಗೈ ಬೆರಳಿಗೆ. ಮರ ಕಟ್ಟಿದ್ದರೂ ಎಡಗೈ ಬೆರಳು ಖಾಲಿ ತಾನೇ? ಕಲ್ಲು ತೆಗೆದೆ, ಕವಣೆಯ ನಡುವಿನ ತೊಟ್ಟಿಲಲ್ಲಿ ಇಟ್ಟೆ, ಬೀಸಿದೆ. ಹೋಯಿತು! ಗದ್ದೆಯ ಆಚೆಯ ಮತ್ತಿ ಮರಕ್ಕೆ ಟಪ್ ಎಂದು ಬಡಿಯಿತು. ಗಿಳಿಗಳೆಲ್ಲ ಎದ್ದವು. ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ.

‘ಬಂತತ್ತಿ! ಬರ್ತೈತಿ!’

‘ಏ ಪದ್ದೀ, ಕುಣೀಬ್ಯಾಡ, ಉಡ್ಯಾಗಿನ ಕಲ್ಲು ಬೀಳ್ತಾವ.’

ಹತ್ತು ಸಲ ಮಾಡಿದೆವು. ನಿಧಾನವಾಗುತ್ತದೆ, ಆದರೆ ಆಗುತ್ತದೆ. ಆಮೇಲೆ ಕಟ್ಟು ಬಿಚ್ಚಿ, ಮರದ ಹಿಂಬದಿಗೆ ಬೆತ್ತದ ಒಂದು ಹಿಡಿಕೆ ಹೊಲಿದು, ಮುಷ್ಟಿಯಲ್ಲಿ ಹಿಡಿದು ನೋಡಿದೆವು. ಮುಷ್ಟಿ ಮುಚ್ಚಿದ ಮೇಲೆ ಕಲ್ಲು ತೆಗೆಯಲು ಬೆರಳೇ ಇಲ್ಲ. ಬಲಗೈಯಿಂದಲೇ ಕಲ್ಲು ಇಡಲು ಹೋದರೆ ಕವಣೆ ಜೋತು ಬಿದ್ದು ಉರುಳುತ್ತದೆ. ಹಲ್ಲಲ್ಲಿ ಕವಣೆ ಕಚ್ಚಿ ನೋಡಿದೆ. ಒಂದು ಕಲ್ಲು ಹಿಂದಕ್ಕೆ ಹಾರಿ, ಬದುವಿನ ಮೇಲೆ ಬರುತ್ತಿದ್ದ ನೆರೆಮನೆಯ ಗಂಗಾದೇವಿಯ ಕೊಡಕ್ಕೆ ಬಡಿಯಿತು. ಅವಳು ಮೈಮೇಲೆ ನೀರು ಸುರಿಸಿಕೊಂಡು ನಿಂತಲ್ಲೇ ನಿಂತಳು.

‘ಅಗಬಾಯಿ! ಮಾಯಕ್ಕಾ, ನಿನ್ನ ಸ್ವಾದರ ಸೊಸಿಗಿ ಏನಾಗೇತ? ಹಲ್ಲಾಗ ಹಗ್ಗ, ಕೈಯಾಗ ಮರ!’

‘ರಾಕ್ಷಸ ಬರಾಕತ್ಯಾನಂತ. ನೀ ಬಾಜೂಕ ಸರಿ.’

ಗಂಗಾದೇವಿ ಹಿಂದೆ ತಿರುಗಿ ನೋಡಿದಳು!

ಹಿಡಿಕೆಯ ಮರವನ್ನು ಅತ್ತೆಯ ಕೈಗೆ ಕೊಟ್ಟೆ, ಬಲ್ಲವಳು ನೋಡಲಿ ಎಂದು. ಅಷ್ಟರಲ್ಲಿ ಗಿಳಿಗಳ ಹಿಂಡು ಇಳಿಯಿತು. ಅತ್ತೆ ಮರವನ್ನು ಅತ್ತ ಗದ್ದೆಗೆ ಒಗೆದು ಕವಣೆ ಬೀಸಿಯೇಬಿಟ್ಟಳು. ‘ಅತ್ತಿ, ಒಗೀಬ್ಯಾಡ, ಹಿಡ್ಕೊಂಡು ಬೀಸು!’ ಎಂದೆ. ಎರಡನೆಯ ಸಲವೂ ಹಾಗೇ ಮಾಡಿದಳು. ಮೂರನೆಯ ಸಲವೂ. ಬೈದೆ. ‘ಹಕ್ಕಿ ಬಂದಾಗ ಮರ ಹಿಡ್ಕೊಂಡು ಯಾಕ ನಿಂದರ್ಲಿ? ಪೂಜಾ ಮಾಡ್ಲ್ಯಾ ಅದಕ?’ ಎಂದಳು. ಹಿಡಿಕೆಯ ಪರೀಕ್ಷೆ ಅತ್ತೆಯಿಂದ ಕೆಟ್ಟಿತು. ನಾನೇ ಮತ್ತೆ ಇಪ್ಪತ್ತು ಸಲ ಮಾಡಿದೆ. ಬರುವುದಿಲ್ಲ. ಬರುವುದೇ ಇಲ್ಲ.

ಕಡೆಗೆ ಎಷ್ಟು ಕಲ್ಲು ಎಂಬ ಪರೀಕ್ಷೆ. ನಾನು ರಾಕ್ಷಸ. ಇಪ್ಪತ್ತು ಹೆಜ್ಜೆ ದೂರ ನಿಂತು ಅತ್ತೆಯ ಕಡೆಗೆ ಬಿರಬಿರನೆ ನಡೆದೆ. ಅತ್ತೆ ಎರಡೂ ಕೈ ಖಾಲಿ ಇಟ್ಟುಕೊಂಡು ಮತ್ತಿ ಮರಕ್ಕೆ ಬೀಸಿದಳು. ನಾನು ಹತ್ತಿರ ಬರುವಷ್ಟರಲ್ಲಿ ಎರಡು ಕಲ್ಲು ಹೋಗಿದ್ದವು, ಮೂರನೆಯದು ಕವಣೆಯಲ್ಲಿತ್ತು. ಐದು ಸಲ ನಡೆದೆ. ಐದು ಸಲವೂ ಎರಡು.

‘ಮೈಲಾರಿಗೆಷ್ಟು ವಯಸ್ಸು?’

‘ಇಪ್ಪತ್ತೈದು.’

‘ಹಂಗಾರ ಮೂರು ಬೀಸಬೇಕು ಮಂಗ್ಯಾ.’

ಎರಡೇ ಬರೆದುಕೊಂಡೆ. ಕಂಡದ್ದು ಎರಡು.

ಹೀಗೆ ಪುಸ್ತಕದಲ್ಲಿ ಇಲ್ಲದ್ದು ಈಗ ನನ್ನ ಹತ್ತಿರ ಇದೆ. ಢಾಲು ಮುಂಗೈಗೆ ಬಿಗಿದದ್ದಾದರೆ ಮೈಲಾರಿ ಕಲ್ಲು ಇಡಬಲ್ಲ. ಹಿಡಿಕೆಯದಾದರೆ ಆಗದು. ನನಗೆ ಗೊತ್ತು, ಅವನದು ಬಿಗಿದದ್ದೇ. ಬೀರ್ಯಾನಿಗೆ ಅಷ್ಟು ತಿಳಿಯುವುದಿಲ್ಲವೇ? ಇದೇ ಬದುವಿನ ಮೇಲೆ ಬೆಳೆದವನು.

ಅತ್ತೆ ಎಮ್ಮೆ ಹಿಂಡಲು ಕರೆಯುತ್ತಿದ್ದಾಳೆ. ನಾಳೆ ಎಂಟರ ಗಾಡಿ.

ಸೋಮವಾರ, ೧೮ ನವೆಂಬರ್

ಮಧ್ಯಾಹ್ನ ಎರಡು ಗಂಟೆ. ಮಾಸ್ತರರಿಗೆ ತೋರಿಸಲು ಅತ್ತೆಯ ಮರವನ್ನೂ, ಅವಳು ಉಣ್ಣೆಯಲ್ಲಿ ಹೆಣೆದ ಹೊಸ ಕವಣೆಯನ್ನೂ ತಂದಿದ್ದೇನೆ. ಗಾಡಿಯಲ್ಲಿ ಬಾಜುವಿನವರು ಮರ ಮಾರಲು ಹೊರಟಿರೇನು ಎಂದರು. ಇಲ್ಲ, ಇದು ಢಾಲು ಎಂದೆ. ಖಾನಾಪುರದಿಂದ ದೇಸೂರಿನವರೆಗೆ ಅವರಿಗೆ ಎಲ್ಲವನ್ನೂ ವಿವರಿಸಿದೆ. ಇಳಿಯುವಾಗ ಅವರು, ನಿಮ್ಮ ಮೈಲಾರಿಗೆ ಒಳ್ಳೆಯದಾಗಲಿ ಎಂದರು.

ಸೈಕಲ್ಲಿಗೆ ಗಾಳಿ ಹಾಕಿಸಿ, ಗಂಟನ್ನು ಕ್ಯಾರಿಯರ್ ಮೇಲಿಟ್ಟು ತಳ್ಳಿಕೊಂಡು ಅಂಗಡಿಗೆ ಹೋಗಿ ಬಂದೆ. ಅರ್ಧ ತಾಸು ಉಳಿಯಿತು. ಅಲ್ಲಿಂದಲೇ ಎಕ್ಸ್‌ಚೇಂಜಿಗೆ ಹೋಗಿ ಕಾಂತಾಗೆ, ರವಿವಾರ ಮೂರು ಗಂಟೆಗೆ ಎಲ್ಲರೂ ನಮ್ಮ ಮನೆಗೆ ಬರಬೇಕೆಂದು ಹೇಳಿದೆ. ಅವಳು ನನ್ನ ಕೈ ಹಿಡಿದಳು.

ರಾತ್ರಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಬೇಕು. ಹಸಿವು ಬಹಳ.

ಬುಧವಾರ, ೨೦ ನವೆಂಬರ್

ಮುಂಜಾನೆ ಹತ್ತು ಗಂಟೆ. ಮೈಲಾರಿಯ ಹಾಳೆಯಲ್ಲಿ ಢಾಲು ಎಂದಷ್ಟೇ ಇದೆ. ಎಂಥ ಢಾಲು ಎಂದು ಮಾಸ್ತರರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಬೀರಣ್ಣನ ಕಟ್ಟಿಗೆಯ ಪೆಟ್ಟಿಗೆ ತೆಗೆದೆ. ಉಳಿ, ಮೂಲೆಮಟ್ಟ, ಮುರಿದ ಪೆನ್ಸಿಲ್, ಸಾಗವಾನಿಯ ಪುಡಿಯ ವಾಸನೆ. ಅಡಿಯಲ್ಲಿ ನಕಾಶೆಯ ಕಾಗದಗಳು. ಅವುಗಳ ನಡುವೆ ಮೈಲಾರಿಯ ಢಾಲು ಸಿಕ್ಕಿತು.

ಅವನು ಪ್ಯಾಟರ್ನಿಗೆ ಬರೆಯುವ ಹಾಗೇ ಬರೆದಿದ್ದಾನೆ. ಮುಂದಿನಿಂದ ಒಂದು, ಬದಿಯಿಂದ ಒಂದು, ಹಿಂದಿನಿಂದ ಒಂದು. ಅಡ್ಡಳತೆ ಎರಡು ಅಡಿ ಎರಡು ಇಂಚು. ಹಿಂದೆ, ನಟ್ಟನಡುವೆ, ಒಂದೇ ಒಂದು ಹಿಡಿಕೆ. ‘ಮುಷ್ಟಿಗೆ ನಾಲ್ಕೂವರೆ ಇಂಚು’ ಎಂದು ಬರೆದಿದ್ದಾನೆ. ಮುಂಗೈ ಪಟ್ಟಿ ಎಲ್ಲೂ ಇಲ್ಲ. ಕೆಳಗೆ ತಾರೀಖು, ಸಹಿ.

ಶುಕ್ರವಾರ, ೨೨ ನವೆಂಬರ್

ಈ ಕಾಗದ ಮೂವರಲ್ಲಿ ಯಾರೂ ನೋಡಿಲ್ಲ. ಪಟ್ಟಿ ಇತ್ತು ಎಂದರೆ ನಂಬುತ್ತಾರೆ.

ಶನಿವಾರ, ೨೩ ನವೆಂಬರ್

ಇವತ್ತು ಹೊಲಿದ ಎರಡು ಕಾಲರು ಸೊಟ್ಟ ಬಂದವು. ಅಂಗಡಿಯವರಿಗೆ ಕಾಣುತ್ತಿರಲಿಲ್ಲ. ಬಿಚ್ಚಿ ಮತ್ತೆ ಹೊಲಿದೆ.

ಕಾಗದವನ್ನು ಮೈಲಾರಿಯ ಹಾಳೆಗೆ ಟಾಚಣಿಯಿಂದ ಚುಚ್ಚಿ ಇಟ್ಟಿದ್ದೇನೆ.

ರವಿವಾರ, ೨೪ ನವೆಂಬರ್

ಸಂಜೆ ಏಳೂವರೆ. ಈಗಷ್ಟೇ ಎಲ್ಲರೂ ಹೋದರು. ಕಾಲರು ಒಂದೂ ಹೊಲಿದಿಲ್ಲ. ಆರು ಸಲ ಚಾ ಆಯಿತು. ಗಂಟಲು ಬಿದ್ದಿದೆ.

ಮೂರಕ್ಕೆ ಸರಿಯಾಗಿ ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದೆ. ಬೀರಣ್ಣ ಕೂರುತ್ತಿದ್ದ ಕಡೆ ಯಾರೂ ಕೂರಲಿಲ್ಲ. ಎಲ್ಲರಿಗೂ ಕಾಣಲಿ ಎಂದು ಮರವನ್ನು ಅಲ್ಲೇ ಇಟ್ಟು, ಅದರ ಹಿಂದೆ ನಾನು ಕೂತೆ. ಮರ ಕಟ್ಟಿ ತೋರಿಸಿದೆ, ಹಿಡಿದು ತೋರಿಸಿದೆ. ಕಲ್ಲಿನ ಬದಲು ನಿಂಬೆಹಣ್ಣು. ಕಾಂತಾ ಕೇಳಿ, ತಾನೂ ಕಟ್ಟಿಸಿಕೊಂಡು ನೋಡಿದಳು. ಅವಳ ನಿಂಬೆಹಣ್ಣು ಬಾಳಪ್ಪನ ಕಿವಿಗೆ ಬಡಿಯಿತು.

‘ರಾಂಗ್ ನಂಬರ್ ಹಚ್ಚಿದಿ ನೋಡವಾ,’ ಎಂದ ಅವನು ಕಿವಿ ತಿಕ್ಕುತ್ತ.

ಮಾಸ್ತರರು ಎಲ್ಲವನ್ನೂ ಬರೆದುಕೊಂಡರು. ‘ಒಪ್ಪಿದೆ. ಬಿಗದ ಢಾಲಿಗೆ ಕಲ್ಲು ಇಡಬಹುದು, ಹಿಡಿಕಿ ಢಾಲಿಗೆ ಇಲ್ಲ. ಇದು ಇನ್ನ ಮ್ಯಾಲೆ ನಮ್ಮ ನಿಯಮ. ಅಕ್ಕಾರ, ಮೈಲಾರಿದು ಯಾವುದು?’

ನಾನು ಕಾಗದ ಬಿಡಿಸಿ ಇಟ್ಟೆ.

ಬಾಳಪ್ಪ ಮೊದಲು ನೋಡಿದ. ನಕಾಶೆ ಓದಲು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಮುಖ ಕೆಂಪಾಯಿತು. ‘ಯಾಕ ತೋರಿಸಿದ್ರಿ ಅಕ್ಕಾ? ಯಾರು ಕೇಳಿದ್ರು? ಪಟ್ಟಿ ಐತಿ ಅಂದಿದ್ರ ಆಗ್ತಿತ್ತಲ್ಲ!’

‘ಒಂದು ನೂಲು ಸೊಟ್ಟ ಇದ್ದಿದ್ರ ಬೀರಣ್ಣ ಬಿಡ್ತಿದ್ದೇನಪಾ?’

ಅವನು ಮುಖ ತಿರುಗಿಸಿದ. ಮಾಸ್ತರರು ಕಾಗದದ ಮೇಲೆ ಕೈಯಿಟ್ಟರು. ಕಾಂತಾ ಕಣ್ಣೊರೆಸಿಕೊಂಡಳು. ನನ್ನ ಕಣ್ಣು ಮರದ ಮೇಲಿತ್ತು. ಅದರ ಅಂಚಿನಲ್ಲಿ ಕೆಸರು ಹಾಗೇ ಇತ್ತು, ಅತ್ತೆ ಒಗೆದಾಗ ಗದ್ದೆಯಲ್ಲಿ ಬಿದ್ದು ಹತ್ತಿದ್ದು. ಮೂರು ಸಲ ಒಗೆದಿದ್ದಳು. ಮೂರು ಸಲವೂ ನಾನು ಬೈದಿದ್ದೆ.

‘ಮಾಸ್ತರ್ರೀ,’ ಎಂದೆ. ‘ಬೀರಣ್ಣ ಕವಣಿ ಬೀಸ್ತೇನಿ ಅಂದದ್ದಷ್ಟೇ ಅಲ್ರಿ? ಸುತ್ತು ಮುಗದಿಲ್ಲಲ್ಲಾ?’

‘ಮುಗದಿಲ್ರಿ.’

‘ಹಂಗಾರ ಮೈಲಾರಿ ಢಾಲು ಒಗೀತಾನ.’

ಬಾಳಪ್ಪ ಗಕ್ಕನೆ ಈ ಕಡೆ ತಿರುಗಿದ.

ಮಾಸ್ತರರು ನಿಧಾನಕ್ಕೆ ಹೇಳಿದರು. ‘ತಿಳಕೊಂಡು ಹೇಳ್ರಿ ಅಕ್ಕಾರ. ಢಾಲು ಇದ್ರ ಮೈಲಾರಿನ್ನ ಬಡ್ಯಾಕ ರಾಕ್ಷಸಗ ದಾಳದಾಗ ಹದಿನಾಲ್ಕು ಬೀಳಬೇಕು. ಇಲ್ಲಂದ್ರ ಎಂಟು ಸಾಕು. ಮೈಲಾರಿ ಒಂದs ಏಟಿಗಿ ಹೋಗ್ತಾನ. ಹಾಳಿ ಹರೀಬೇಕಾಗ್ತದ.’

‘ಗೊತ್ತೈತ್ರಿ. ಆದ್ರ ಎರಡೂ ಕೈ ಖಾಲಿ. ಒಂದು ಸುತ್ತಿಗಿ ಎಷ್ಟು ಕಲ್ಲು?’

‘ಒಂದು ಅಂತ...’ ಎಂದವರು ಮಾತು ನಿಲ್ಲಿಸಿದರು. ‘ಒಂದು ಕಡೆ ಒಂದು ಐತಿ. ಒಂದು ಕಡೆ ಎರಡು.’

ಬದುವಿನ ಲೆಕ್ಕ ಹೇಳಿದೆ. ಇಪ್ಪತ್ತು ಹೆಜ್ಜೆ, ಐದು ಸಲ, ಐದು ಸಲವೂ ಎರಡು.

‘ಬೀಸಿದವರು ಯಾರ್ರಿ?’

‘ನಮ್ಮತ್ತಿ. ಅರವತ್ತೆಂಟು ವರ್ಷ.’

‘ಮಾಸ್ತರ, ಅರವತ್ತೆಂಟರ ಮುದುಕಿ ಎರಡು ಬೀಸ್ಯಾಳ!’ ಬಾಳಪ್ಪ ಮೊಣಕಾಲ ಮೇಲೆ ಎದ್ದು ನಿಂತಿದ್ದ. ‘ಇಪ್ಪತ್ತೈದರ ಕುರುಬಗ ಒಂದ ಕೊಡ್ತೀರೇನು? ಪಾಪ ಹತ್ತತೈತಿ!’

‘ನೀ ಕುಂದರೋ. ಎರಡು. ಒಪ್ಪಿದೆ. ಹದಿನೈದರ ಮ್ಯಾಲೆ ಬೀಳಬೇಕು. ರಾಕ್ಷಸಗ ಮೊದಲs ಗಾಯ ಆಗೇತಿ, ಒಂದು ಕಲ್ಲು ಬಡದ್ರ ಬಿದ್ದಾ.’

ದಾಳವನ್ನು ಬಾಳಪ್ಪನ ಕಡೆ ಚಾಚಿದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ‘ನೀವs ಒಗೀರಿ. ಬಲ್ಲವರು ನೀವು.’

ಎರಡು ವರ್ಷ ಆ ದಾಳ ಉರುಳುವ ಸದ್ದು ಕೇಳಿದ್ದೇನೆ. ಕೈಯಲ್ಲಿ ಹಿಡಿದಿದ್ದು ಇವತ್ತೇ ಮೊದಲು. ಇಪ್ಪತ್ತು ಮುಖವೂ ನುಣ್ಣಗೆ, ಅಂಚು ಮಾತ್ರ ಚೂಪು. ಒಗೆದೆ. ನಾಲ್ಕು.

‘ತಲಿ ಮ್ಯಾಲಿಂದ ಹೋತು,’ ಎಂದರು ಮಾಸ್ತರರು. ಅವರ ದನಿ ಕಥೆಯ ದನಿಯಾಗಿತ್ತು. ‘ರಾಕ್ಷಸ ಹತ್ತು ಹೆಜ್ಜಿ ದೂರ. ಗದೆ ಎತ್ಯಾನ. ಮೈಲಾರಿ ಉಡ್ಯಾಗ ಕೈ ಹಾಕಿ ಎರಡನೇ ಕಲ್ಲು ತಗದಾನ.’

ಮೊದಲನೆಯದು ತಲೆಯ ಮೇಲಿಂದ ಹೋಯಿತು ಎಂದರೆ ತುದಿ ಮುಂಚೆ ಬಿಟ್ಟಂತಾಯಿತು. ಬಲ್ಬಿಗೆ ಬಡಿದ ಗುಂಡಿ ನೆನಪಾಯಿತು. ದಾಳಕ್ಕೂ ಅದಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಈ ಸಲ ಕೈಯನ್ನು ಒಂದಿಷ್ಟು ತಡೆದು ಬಿಟ್ಟೆ. ದಾಳ ಜಮಖಾನೆ ದಾಟಿ, ನೆಲದ ಮೇಲೆ ಓಡಿ, ಮರದ ಅಂಚಿಗೆ ತಾಗಿ, ಒಂದು ಸಲ ಹೊರಳಿ ನಿಂತಿತು.

ನಾಲ್ಕೂ ತಲೆ ಒಟ್ಟಿಗೇ ಬಾಗಿದವು.

ಹದಿನೇಳು.

ಬಾಳಪ್ಪ ಕೂಗಿದ ಕೂಗಿಗೆ ಎದುರು ಮನೆಯ ಶಿವಬಸವ್ವ ಏನಾಯಿತೆಂದು ಓಡಿ ಬಂದಳು. ಕಾಂತಾ ನನ್ನನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು. ‘ಬಿದ್ದ, ರಾಕ್ಷಸ ಬಿದ್ದ!’ ಎಂದು ನಾನು ಶಿವಬಸವ್ವನಿಗೆ ಕೂಗಿ ಹೇಳಿದೆ. ಅವಳಿಗೂ ಚಾ ಕೊಟ್ಟೆವು. ಮಾಸ್ತರರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಎಲ್ಲ ತಣ್ಣಗಾದ ಮೇಲೆ ಅವರು ಕೇಳಿದರು, ‘ಮುಂದ ಮೈಲಾರಿ ಏನು ಮಾಡ್ತಾನ್ರಿ? ಇನ್ನ ಮ್ಯಾಲೆ ನೀವs ಅವನು.’

ಅದನ್ನು ಯೋಚಿಸಿರಲಿಲ್ಲ. ಉತ್ತರ ಮಾತ್ರ ತಾನಾಗಿ ಬಂತು. ‘ಬಾಳಪ್ಪನ ಶೂರನ್ನ ಎಬ್ಬಿಸಿ ನೀರು ಕೊಡ್ತಾನ. ಢಾಲು ತಗೋತಾನ. ಊರಿಗಿ ಹೋಗ್ತಾನ್ರಿ. ಅವನ ಕುರಿ ಯಾರೂ ಕಾಯವಲ್ರು.’

ಮಾಸ್ತರರು ಹಾಳೆಯ ಕೆಳಗೆ ಹಾಗೆಯೇ ಬರೆದರು: ಊರಿಗೆ ಹೋದ. ಹರಿಯಲಿಲ್ಲ. ಅದನ್ನೂ ನಕಾಶೆಯನ್ನೂ ಬೀರಣ್ಣನ ಪೆಟ್ಟಿಗೆಯಲ್ಲಿ ಉಳಿಗಳ ಮೇಲೆ ಇಟ್ಟಿದ್ದೇನೆ.

ಆಮೇಲೆ ಅವರು ಚೀಲದಿಂದ ಒಂದು ಖಾಲಿ ಹಾಳೆ ತೆಗೆದು ನನ್ನ ಕಡೆ ಸರಿಸಿದರು. ಹೆಸರು ಇನ್ನೂ ಹೊಳೆದಿಲ್ಲ. ಆಯುಧ ಏನು ಎಂದಾಗ ಕತ್ತರಿ ಎಂದೆ. ಪುಸ್ತಕದಲ್ಲಿ ಕತ್ತರಿ ಇಲ್ಲವಂತೆ. ಮಾಸ್ತರರು ಚೂರಿಯ ಲೆಕ್ಕ ಹಿಡಿಯೋಣ ಎಂದರು. ನಾನು ಒಪ್ಪಲಿಲ್ಲ. ಕತ್ತರಿಗೆ ಎರಡು ಅಲಗು. ನಡುವಿನ ತಿರುಪು ತೆಗೆದರೆ ಎರಡು ಚೂರಿಯೇ ಆಗುತ್ತದೆ, ಕೈಗೊಂದು. ತೆಗೆಯಲು ಒಂದು ಸುತ್ತು ಹಿಡಿಯುತ್ತದೋ ಎರಡೋ ಎಂದು ಏಳು ಗಂಟೆಯವರೆಗೆ ಜಗಳವಾಡಿದೆವು. ಇನ್ನೂ ತೀರ್ಮಾನವಾಗಿಲ್ಲ. ಕತ್ತರಿಗೆ ಎಣ್ಣೆ ಹಾಕಿ ಇಟ್ಟಿದ್ದೇನೆ, ಬಿಚ್ಚಿ ನೋಡಲು.

ನಾಳೆ ಮುಂಜಾನೆಯ ಗಾಡಿಗೆ ಖಾನಾಪುರಕ್ಕೆ ಹೋಗಬೇಕು. ಅತ್ತೆಗೆ ಅಕ್ಕಿ ಕೇರಲು ಮನೆಯಲ್ಲಿ ಮರ ಇಲ್ಲ.